ಭಿಗವಣದ ಹಿನ್ನೀರಿನ ಹಕ್ಕಿಗಳು

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನಷ್ಟು ಹೋದರೆ ಭಿಗವಣ. ಅದರ ಹತ್ತಿರವೇ, ಭೀಮೆಯ ಹಿನ್ನೀರಿಗೆ ಅಂಟಿಕೊಂಡಂತೆ ಕುಂಭಾರಗಾಂವ್ ಇದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಬ್ಬಿನ ಗದ್ದೆಗೂ ನೀರಿಗೂ ನಡುವಿನ ಕಾಲುದಾರಿ ಹಿಡಿದು ನಡೆದವರಿಗೆ ರಾಜಹಂಸ, ಪಟ್ಟೆತಲೆ ಹೆಬ್ಬಾತು, ಚಕ್ರವಾಕ, ಮೀನು ಹಿಡಿಯುವ ಡೇಗೆ ಕಾಣಸಿಗುತ್ತವೆ. ಪ್ರವಾಸದ ಬರಹಗಳು ಇದನ್ನೆಲ್ಲ ಪ್ರಕೃತಿಯ ಕೊಡುಗೆ ಎಂದು ಹೊಗಳಿ ಮುಗಿಸುತ್ತವೆ. ನನಗೆ ಇದು ಊರ ಚರಿತ್ರೆಯ ಒಂದು ಅಧ್ಯಾಯವಾಗಿ ಕಾಣುತ್ತದೆ, ಅದೂ 1980ರಲ್ಲಿ ಭೀಮಾ ನದಿಗೆ ಅಡ್ಡಲಾಗಿ ಈ ಹಿನ್ನೀರನ್ನು ತಂದ ಉಜನಿ ಅಣೆಕಟ್ಟು ಮುಗಿದ ಮೇಲೆ ಶುರುವಾದದ್ದು. ರಾಜಹಂಸ ಉಣ್ಣುವ ರೀತಿಯನ್ನೇ ನೋಡಿ: ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗು ಮಾಡಿ ಕೆಸರಿಗೆ ತಾಗಿಸುತ್ತದೆ, ನಾಲಗೆಯಿಂದ ನೀರನ್ನು ಎಳೆದು ಹೊರದೂಡುತ್ತ ಪಾಚಿಯನ್ನೂ ಸಣ್ಣ ಹುಳುಹುಪ್ಪಟೆಯನ್ನೂ ಸೋಸಿ ತಿನ್ನುತ್ತದೆ. ಇದಕ್ಕೆ ತೆಳು ನೀರು ಬೇಕು, ಅದು ಹರವಾಗಿಯೂ ಇರಬೇಕು. ದಡಗಳ ನಡುವೆ ಹರಿಯುತ್ತಿದ್ದ ಹಳೆಯ ಭೀಮೆಯಲ್ಲಿ ಅಷ್ಟು ಹರವು ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ತುಂಬಿದ ಜಲಾಶಯ ಕಾಲುವೆಗಳಿಗೆ ನೀರು ಬಿಡುತ್ತ ಇಳಿಯುವಾಗ ಇಲ್ಲಿನ ಸಪಾಟು ನೆಲ ಕೆಸರಾಗಿ ಮೇಲೇಳುತ್ತದೆ. ಹಕ್ಕಿಗಳಿಗೆ ಉಣಿಸು ಸಿಗುವುದು ಅಲ್ಲೇ.

ಅಣೆಕಟ್ಟುಗಳಿಗೂ ಮೊದಲೇ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರುತ್ತಿದ್ದವು, ಸರಿ. ಆದರೆ ಅವು ಎಲ್ಲಿ ಇಳಿಯುತ್ತವೆ ಎಂಬುದನ್ನು ಬಹುಮಟ್ಟಿಗೆ ಮನುಷ್ಯರ ಕೆಲಸವೇ ನಿರ್ಧರಿಸಿದೆ. ಅವುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಜನ ಕಟ್ಟಿದ್ದೇ. ಹಾಗಾದರೆ ಅಣೆಕಟ್ಟು ಒಳ್ಳೆಯದನ್ನೇ ಮಾಡಿತಲ್ಲ ಎಂಬ ಮಾತು ಇನ್ನೂ ಗಟ್ಟಿಯಾದ ತಕರಾರು. ಅದಕ್ಕೆ ಉತ್ತರ ಪಳಸದೇವದಲ್ಲಿದೆ. ಹಿನ್ನೀರು ಆ ಊರನ್ನು ನುಂಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅಲ್ಲಿನ ಹಳೆಯ ಗುಡಿ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಹೊಲಮನೆ ಮುಳುಗಿಸಿಕೊಂಡವರ ಲೆಕ್ಕವನ್ನು ಹಕ್ಕಿಗಳ ಲೆಕ್ಕದಿಂದ ತೀರಿಸಲಾಗದು.

ಇನ್ನೊಂದು ಸಂಗತಿ ಹೇಳಲು ಅಷ್ಟು ಹಿತವಲ್ಲ. ಪುಣೆಯ ಕೊಳಚೆ ಹೊತ್ತ ಮುಳಾ-ಮುಠಾ ನದಿ ಭೀಮೆಯನ್ನು ಸೇರಿ ಇದೇ ಜಲಾಶಯಕ್ಕೆ ಬರುತ್ತದೆ. ಆ ಕೊಳಚೆಯಲ್ಲಿನ ಪೋಷಕಾಂಶಗಳಿಂದ ಪಾಚಿ ಹುಲುಸಾಗುತ್ತದೆ. ಅದರಿಂದ ಸೋಸಿ ತಿನ್ನುವ ಹಕ್ಕಿಗೆ ಒಂದಿಷ್ಟು ಲಾಭವಾದೀತು, ಮೀನುಗಾರರಿಗಂತೂ ಇಲ್ಲ: ಬಲೆಗೆ ಈಗ ಹೆಚ್ಚಾಗಿ ಬೀಳುವುದು ಇಲ್ಲಿನವರು ಚಿಲಾಪಿ ಎನ್ನುವ ಹೊರನಾಡಿನ ತಿಲಾಪಿಯಾ, ನದಿಯ ಹಳೆಯ ಮೀನುಗಳು ಕಡಿಮೆಯಾಗಿವೆ. ಹೀಗಿರುವಾಗ ಹಲವು ಮೀನುಗಾರರು ಚಳಿಗಾಲದಲ್ಲಿ ಅದೇ ದೋಣಿಗೆ ಹಕ್ಕಿ ನೋಡುವವರನ್ನು ಹತ್ತಿಸಿಕೊಳ್ಳುತ್ತಾರೆ. ಮಳೆ ಜೋರಾಗಿ, ನೀರು ತುಂಬಿಯೇ ಉಳಿದ ವರ್ಷ ಕೆಸರು ಮೇಲೇಳುವುದು ತಡ, ರಾಜಹಂಸಗಳೂ ತಡ. ಸೊಲ್ಲಾಪುರದ ಕಡೆಗೆ ನೀರು ಬಿಡುವ ದಿನವನ್ನು ಕಬ್ಬಿನವರು ಕಾಯುವ ಹಾಗೆಯೇ ದೋಣಿಯವರೂ ಕಾಯುತ್ತಾರೆ.