ಮರಳಿ ಹೋಗಲು ಒಂದು ಮನೆ: ಕೌಟುಂಬಿಕ ಹಿಂಸೆಯ ಸಮಾಜಶಾಸ್ತ್ರೀಯ ವಿವರಣೆಗಳು ಮತ್ತು ಸುಳ್ಯ ಸೀಮೆ

ಗಂಡ ಹೆಂಡತಿಗೆ ಯಾಕೆ ಹೊಡೆಯುತ್ತಾನೆ? ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು, ಕಡಬದ ಕಡೆ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಕುಡಿತ. ಅದರ ಹಿಂದೆಯೇ ಬಡತನ, ವಿದ್ಯೆಯ ಕೊರತೆ, ಮೂಗಿನ ತುದಿಯ ಸಿಟ್ಟು. ಇವು ಸುಳ್ಳಲ್ಲ. ಆದರೆ ಇವಿಷ್ಟರಿಂದ ಲೆಕ್ಕ ಕೂಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡನಿಂದ ಹಿಂಸೆ ಅನುಭವಿಸಿದ ಹೆಂಗಸರ ಪ್ರಮಾಣ ಕರ್ನಾಟಕದಲ್ಲಿ 2015-16ರಲ್ಲಿ ಶೇ. 20.6 ಇತ್ತು, 2019-21ರಲ್ಲಿ ಅದು ಶೇ. 44.4ಕ್ಕೆ ಏರಿ ದೇಶದಲ್ಲೇ ಅತಿ ಹೆಚ್ಚಾಯಿತು. ಇಷ್ಟರೊಳಗೆ ಕುಡಿತವೇನೂ ಇಮ್ಮಡಿಯಾಗಲಿಲ್ಲ, ವಿದ್ಯೆಯೂ ಅರ್ಧಕ್ಕೆ ಇಳಿಯಲಿಲ್ಲ. ಹಿಂದೆ ಬಾಯಿಬಿಡದವರು ಈಗ ಬಾಯಿಬಿಟ್ಟದ್ದೂ ಈ ಏರಿಕೆಯ ಒಂದು ಪಾಲಾಗಿರಬಹುದು. ಆಗಲೂ ಪ್ರಶ್ನೆ ಹಾಗೇ ಉಳಿಯುತ್ತದೆ: ಅಷ್ಟು ಜನ ಇಷ್ಟು ಕಾಲ ಅದನ್ನು ಸಹಿಸಿಕೊಂಡು ಒಳಗೇ ಇದ್ದುದಾದರೂ ಏಕೆ?

ವಿದ್ವತ್ ಲೋಕ ಈ ವಿಷಯಕ್ಕೆ ಬಂದದ್ದೇ ತಡವಾಗಿ. ಕುಟುಂಬ ಅಧ್ಯಯನಕ್ಕೆಂದೇ ಮೀಸಲಾದ ಅಮೆರಿಕದ ಪ್ರಮುಖ ಪತ್ರಿಕೆಯಲ್ಲಿ 1939ರಿಂದ 1969ರವರೆಗೆ ಶೀರ್ಷಿಕೆಯಲ್ಲಿ ಹಿಂಸೆಯ ಹೆಸರೆತ್ತಿದ ಒಂದು ಲೇಖನವೂ ಇರಲಿಲ್ಲವೆಂದು 1971ರಲ್ಲಿ ಜಾನ್ ಓಬ್ರಿಯನ್ ತೋರಿಸಿದರು. 1964ರ ಒಂದು ಮನೋವೈದ್ಯಕೀಯ ಲೇಖನವಂತೂ ಹೊಡೆಯುವವನನ್ನು ಬಿಟ್ಟು, ಹೊಡೆಸಿಕೊಳ್ಳುವವಳ ಸ್ವಭಾವದಲ್ಲೇ ಕಾರಣ ಹುಡುಕಿತ್ತು. ಇದನ್ನು ಸಮಾಜದ ಪ್ರಶ್ನೆಯಾಗಿ ಎತ್ತಿದವರಲ್ಲಿ ವಿಲಿಯಂ ಗೂಡ್ ಮುಖ್ಯರು. ಕುಟುಂಬವೂ ಒಂದು ಅಧಿಕಾರ ವ್ಯವಸ್ಥೆ, ಹಣ, ಸ್ಥಾನ, ಗೌರವ ಇದ್ದವನಿಗೆ ಬಲಪ್ರಯೋಗ ಬೇಕಾಗುವುದಿಲ್ಲ, ಕೈ ಬರಿದಾದವನು ಕೈ ಎತ್ತುತ್ತಾನೆ ಎಂಬುದು 1971ರ ಅವರ ವಾದ. ಹೊಡೆದರೆ ಕಳೆದುಕೊಳ್ಳುವುದು ಏನೂ ಇಲ್ಲದ ಕಡೆ ಹೊಡೆತ ಮುಂದುವರಿಯುತ್ತದೆ ಎಂದು ರಿಚರ್ಡ್ ಗೆಲ್ಲೆಸ್ ಹೇಳಿದರು. ಸ್ಕಾಟ್ಲೆಂಡಿನ ಪೊಲೀಸ್ ದಾಖಲೆಗಳನ್ನು ಜಾಲಾಡಿದ ಡೊಬಾಶ್ ದಂಪತಿ 1979ರಲ್ಲಿ, ಹೆಂಡತಿಯನ್ನು ದಂಡಿಸುವ ಹಕ್ಕನ್ನು ಶತಮಾನಗಳಿಂದ ಕಾನೂನು ಮತ್ತು ಧರ್ಮವೇ ಗಂಡನ ಕೈಗೆ ಕೊಟ್ಟಿದ್ದವೆಂದು ವಾದಿಸಿದರು.

ಗೂಡ್ ಹೇಳಿದ್ದು ಕೆಲಸ ಕಳೆದುಕೊಂಡ ಕೂಲಿಯವನಿಗೆ ಹೊಂದುತ್ತದೆ. ಎಕರೆಗಟ್ಟಲೆ ಅಡಕೆ ತೋಟವಿದ್ದೂ ಹೊಡೆಯುವವನಿಗೆ ಹೊಂದುವುದಿಲ್ಲ. ಡೊಬಾಶರ ಪಿತೃಪ್ರಾಧಾನ್ಯದ ವಿವರಣೆ ಇಬ್ಬರಿಗೂ ಹೊಂದುತ್ತದೆ, ಆದರೆ ಒಂದೇ ಊರಿನ ಒಂದು ಮನೆಯಲ್ಲಿ ಇರುವ ಹಿಂಸೆ ಇನ್ನೊಂದರಲ್ಲಿ ಯಾಕಿಲ್ಲ ಎಂಬುದನ್ನು ಅದು ಹೇಳಲಾರದು. ಕರ್ನಾಟಕದ ಮೂರು ಹಳ್ಳಿಗಳ ಕುಂಬಾರ ಕುಟುಂಬಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿಸ್ ಬ್ಲಾಕ್ ಮತ್ತು ವಿಜಯೇಂದ್ರ ರಾವ್ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಈ ದೃಷ್ಟಿಯಿಂದ ಬಹಳ ಮುಖ್ಯ. ಅನುಕೂಲಸ್ಥ ತವರಿನಿಂದ ಬಂದ ಹೆಂಡತಿಗೇ ಹೊಡೆತ ಬೀಳುವ ಸಂಭವ ಅಲ್ಲಿ ಹೆಚ್ಚಾಗಿತ್ತು. ತವರಿನಿಂದ ಇನ್ನಷ್ಟು ಹಣ ತರಿಸಲು ಹೊಡೆತವೇ ಸಾಧನವಾಗಿತ್ತು. ಸಿಟ್ಟು, ಕುಡಿತಗಳ ಹಿಂದೆ ಒಂದು ಲೆಕ್ಕಾಚಾರವೂ ಇರಬಹುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹೆಣ್ಣನ್ನು ಕೊಟ್ಟಾದ ಮೇಲೆ ವಾಪಸು ಕರೆದುಕೊಳ್ಳಲಾರದ ತವರೇ ಆ ಲೆಕ್ಕಾಚಾರದ ಬುಡ.

ತುಳುನಾಡಿನ ಚರಿತ್ರೆ ನೆರವಿಗೆ ಬರುವುದು ಇಲ್ಲೇ. ಸುಳ್ಯ ಸೀಮೆಯಲ್ಲಿ ಎರಡು ಬಗೆಯ ಕುಟುಂಬ ಪದ್ಧತಿಗಳು ಬಹುಕಾಲ ಅಕ್ಕಪಕ್ಕದಲ್ಲೇ ಬದುಕಿವೆ. 1834ರವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯದ ಅರೆಭಾಷೆ ಗೌಡರದು, ಹವ್ಯಕರದು ಮಕ್ಕಳ ಸಂತಾನ, ಅಂದರೆ ಆಸ್ತಿ ಅಪ್ಪನಿಂದ ಗಂಡುಮಕ್ಕಳಿಗೆ. ಬಂಟರು, ಬಿಲ್ಲವರು ಮೊದಲಾದವರದು ಅಳಿಯಸಂತಾನ, ಅಂದರೆ ಆಸ್ತಿ ತಾಯಿಯ ಕಡೆಯಿಂದ. ಅಳಿಯಸಂತಾನದಲ್ಲಿ ಹೆಣ್ಣು ಮದುವೆಯಾಗಿ ಗಂಡನ ಮನೆಯಲ್ಲಿ ಇದ್ದರೂ ತಾಯಿಯ ಕುಟುಂಬದ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು. ಅವಳ ಮಕ್ಕಳೂ ಅಲ್ಲಿಯವರೇ. ಕುಟುಂಬದ ಹಿರಿಯಳು ಯಜಮಾನ್ತಿಯಾಗಲು ಅವಕಾಶವಿತ್ತು. ಬಿಡುಗಡೆ, ಮರುಮದುವೆಗಳಿಗೆ ಅಡ್ಡಿಯಿರಲಿಲ್ಲ. ಇದನ್ನು ಹೆಣ್ಣಿನ ರಾಜ್ಯವೆಂದು ಕೊಂಡಾಡುವ ಬರಹಗಳನ್ನು ನಾನು ಒಪ್ಪುವುದಿಲ್ಲ. ವ್ಯವಹಾರ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು, ಅವನ ದರ್ಪಕ್ಕೆ ಸೊಸೆ-ಅಳಿಯಂದಿರು ನಲುಗಿದ್ದೂ ಉಂಟು. ಆದರೆ ಒಂದು ಮಾತು ನಿಜ: ಗಂಡ ಕೈ ಎತ್ತಿದರೆ ಅವಳು ಹೊರಟು ಹೋಗಬಹುದಾದ ಮನೆಯೊಂದಿತ್ತು. ಅಲ್ಲಿ ಅವಳು ನೆಂಟಳಾಗಿರಲಿಲ್ಲ, ಹಕ್ಕುದಾರಳಾಗಿದ್ದಳು.

ಆ ಮನೆ ಒಡೆದದ್ದು ನಿಧಾನವಾಗಿ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ, ಅಂದರೆ ಕುಟುಂಬದ ಹೆಣ್ಣುಸಂತತಿಯ ಶಾಖೆಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಗಂಡಸಿನ ಪಾಲು ಸೋದರಿಯ ಸಂತತಿಗೆ ಹೋಗದೆ ಅವನ ಹೆಂಡತಿ ಮಕ್ಕಳ ಕಡೆ ತಿರುಗಿತು. ಹೆಂಡತಿಗೂ ಪಾಲು ಸಿಕ್ಕಿತಲ್ಲ ಎನ್ನಬಹುದು. ಆದರೆ ಅದು ಸಿಗುವುದು ಗಂಡ ತೀರಿಕೊಂಡ ಮೇಲೆ. ಹೊಡೆತ ಬೀಳುವುದು ಅವನು ಬದುಕಿರುವಾಗ. 1974ರ ಭೂಸುಧಾರಣೆ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿದ್ದು ಈ ಜಿಲ್ಲೆಯ ದೊಡ್ಡ ಸಾಮಾಜಿಕ ಬದಲಾವಣೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಪಡೆದ ಜಾಗ ಬಹುಮಟ್ಟಿಗೆ ದಾಖಲಾದದ್ದು ಗಂಡಸರ ಹೆಸರಿಗೆ. ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ ಇವೆರಡೂ ಮಕ್ಕಳ ಸಂತಾನದ ಮನೆಗಳಲ್ಲೂ ಹೆಣ್ಣಿಗೆ ಬಾಗಿಲು ತೆರೆದವು. ಪಾಲುಪಟ್ಟಿ ಆಗುವ ದಿನ ಮಾತ್ರ ಅಣ್ಣತಮ್ಮಂದಿರ ಮುಖ ನೋಡಿ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ತವರಿನ ಪ್ರೀತಿ ಉಳಿಯಲಿ ಎಂದು ತವರಿನ ಜಾಗವನ್ನು ಬಿಟ್ಟುಕೊಡುವುದು ಇಲ್ಲಿ ಒಳ್ಳೆಯ ಹೆಣ್ಣಿನ ಲಕ್ಷಣವೆನಿಸಿಕೊಂಡಿದೆ.

ನೆಲದ ಸ್ವರೂಪವನ್ನೂ ಮರೆಯಬಾರದು. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗೆ ಮನೆ ಅಂಟಿಕೊಂಡಿಲ್ಲ. ಒಂದೊಂದು ತೋಟದ ನಡುವೆ ಒಂದೊಂದು ಮನೆ, ನಡುವೆ ಗುಡ್ಡ ಇಲ್ಲವೇ ತೋಡು. ಮಳೆಗಾಲದ ರಾತ್ರಿ ಕೂಗಿದರೆ ನೆರೆಮನೆಗೆ ಕೇಳಿಸದು. ಸಾಮಾಜಿಕ ಒಂಟಿತನ ಹಿಂಸೆಗೆ ಅನುಕೂಲ ಮಾಡಿಕೊಡುತ್ತದೆಂದು ಗೆಲ್ಲೆಸ್ ಮೊದಲಾದವರು ಬರೆದದ್ದನ್ನು ಈ ಗುಡ್ಡಬೈಲುಗಳಲ್ಲಿ ನಿಂತವರಿಗೆ ವಿವರಿಸಬೇಕಾಗಿಲ್ಲ. ವಿಷಯ ಹೊರಬಿದ್ದರೂ ಹಿರಿಯರ ಪಂಚಾತಿಕೆಯಲ್ಲಿ ಸಾಮಾನ್ಯವಾಗಿ ಸಿಗುವ ತೀರ್ಮಾನ ಒಂದೇ, ಸುಧಾರಿಸಿಕೊಂಡು ಹೋಗು ಎಂದು.

ಸಂಪಾದನೆ ಇದ್ದರೆ ಹೆಣ್ಣಿಗೆ ರಕ್ಷಣೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಈ ತಾಲೂಕುಗಳಲ್ಲಿ ತಲೆಮಾರುಗಳ ಕಾಲ ಹೆಂಗಸರು ಬೀಡಿ ಕಟ್ಟಿ ಮನೆ ನಡೆಸಿದ್ದಾರೆ. ಆದರೆ ವಾರದ ಬೀಡಿಯ ದುಡ್ಡು ಅಕ್ಕಿಗೆ, ಮಕ್ಕಳ ಫೀಸಿಗೆ ಕರಗುತ್ತದೆ. ಅದು ಬಾಗಿಲಿರುವ ಕೋಣೆಯಾಗುವುದಿಲ್ಲ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ತಿರುವನಂತಪುರ ಜಿಲ್ಲೆಯ 502 ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ಹಿಡಿದಿದೆ. ಆಸ್ತಿಯಿಲ್ಲದವರಲ್ಲಿ ಶೇ. 49 ಮಂದಿ ದೈಹಿಕ ಹಿಂಸೆ ಕಂಡಿದ್ದರು. ಜಮೀನು ಮಾತ್ರ ಇದ್ದವರಲ್ಲಿ ಶೇ. 18, ಮನೆ ಮಾತ್ರ ಇದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಜಮೀನಿಗಿಂತ ಮನೆಯೇ ಹೆಚ್ಚು ಕಾಪಾಡಿದೆ ಎಂಬುದನ್ನು ಗಮನಿಸಬೇಕು. ಅಳಿಯಸಂತಾನದ ಹೆಣ್ಣು ಕಳೆದುಕೊಂಡದ್ದು ಅದನ್ನೇ.

ಕಾನೂನು ಕೊನೆಗೂ ಈ ಮನೆಯ ಪ್ರಶ್ನೆಗೇ ಬಂದು ಮುಟ್ಟಿದೆ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 498ಎ ಕಲಮು ಶಿಕ್ಷೆಯ ಮಾತಾಡಿತ್ತು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆ ವಾಸದ ಹಕ್ಕಿನ ಮಾತಾಡಿತು. ಮನೆ ಅತ್ತೆಮಾವನ ಹೆಸರಿನಲ್ಲಿದ್ದರೂ ಸೊಸೆ ಈ ಹಕ್ಕನ್ನು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹೊಡೆದವನ ಜತೆ ಅದೇ ಸೂರಿನಡಿ ಇರುವ ಹಕ್ಕು ಒಂದು, ತನ್ನದೇ ಸೂರು ಇನ್ನೊಂದು. ತಾಲೂಕಿನಲ್ಲಿ ಈ ಕಾಯಿದೆಯ ರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಮೇಲಿದೆ. ಅವರಲ್ಲಿ ಕೌಟುಂಬಿಕ ಘಟನಾ ವರದಿಗಳಿವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಗಳಿವೆ. ಹೆಸರುಗಳನ್ನು ಗುಟ್ಟಾಗಿಟ್ಟು ಈ ಎರಡು ಕಡತಗಳನ್ನು ಒಟ್ಟಿಗಿಟ್ಟು ಓದುವ ಸಂಶೋಧನೆ ಸುಳ್ಯದಲ್ಲಿ ಆಗಬೇಕು. ದೂರು ಕೊಟ್ಟವರಲ್ಲಿ ಎಷ್ಟು ಮಂದಿ ಮೊದಲೇ ತವರಿನ ಪಾಲಿಗೆ ಸಹಿ ಹಾಕಿ ಬಂದಿದ್ದರೆಂಬುದು ಆಗ ಗೊತ್ತಾಗುತ್ತದೆ.