ಚಿತ್ರಕ್ಕೆ ಸಿಕ್ಕದ ಗ್ರಂಥಿ: ಪ್ಯಾರಾಥೈರಾಯಿಡ್ ರೋಗನಿರ್ಣಯ ನಡೆದುಬಂದ ದಾರಿ

ಪೀಣ್ಯದ ಕಾರ್ಖಾನೆಯಲ್ಲಿಯೋ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿಯೋ ದುಡಿಯುವವರು ಕಿಡ್ನಿಯ ಕಲ್ಲಿಗೆ ಬೋರ್‌ವೆಲ್ ನೀರನ್ನೂ, ಮೂಳೆಯ ನೋವಿಗೆ ಕುಳಿತೇ ಮಾಡುವ ಕೆಲಸವನ್ನೂ, ತೀರದ ಆಯಾಸಕ್ಕೆ ರಾತ್ರಿಪಾಳಿಯನ್ನೂ ಕಾರಣವೆಂದು ಎಣಿಸುವುದು ಸಹಜವೇ ಸರಿ. ಆದರೆ ಈ ಬಾಧೆಗಳು ಒಬ್ಬರಲ್ಲಿಯೇ ಕೂಡಿಬಂದು, ರಕ್ತದ ಕ್ಯಾಲ್ಸಿಯಂ ಮತ್ತೆ ಮತ್ತೆ ಅಧಿಕವಾಗಿ ಕಂಡುಬಂದಲ್ಲಿ, ಥೈರಾಯಿಡಿನ ಹಿಂಬದಿಯಲ್ಲಿ ಅಡಗಿರುವ, ಸಾಮಾನ್ಯವಾಗಿ ನಾಲ್ಕಾಗಿರುವ, ಅಕ್ಕಿಕಾಳಿನಷ್ಟು ಗಾತ್ರದ, ಆ ಕ್ಯಾಲ್ಸಿಯಂ ಮಟ್ಟವನ್ನು ನಿಯಂತ್ರಿಸುವ ಪ್ಯಾರಾಥೈರಾಯಿಡ್ ಗ್ರಂಥಿಗಳನ್ನು ಶಂಕಿಸತಕ್ಕದ್ದು. ಆಗ ಮಾಡಿಸಿದ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ರೋಗವೇ ಇಲ್ಲವೆಂದು ಭಾವಿಸುವವರು ಬಹಳ. ಆ ಭಾವನೆ ಸಾಧುವಲ್ಲವೆಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯೇ ಸಾಕ್ಷಿಯಾಗಿದೆ.

ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತೀಯ ಖಡ್ಗಮೃಗವೊಂದನ್ನು ಛೇದಿಸಿ ನೋಡಿದ ರಿಚರ್ಡ್ ಓವೆನ್ 1850ರಲ್ಲಿ ಈ ಗ್ರಂಥಿಯನ್ನು ವರ್ಣಿಸಿದನು; ಮನುಷ್ಯದೇಹದಲ್ಲಿ ಅದನ್ನು 1880ರಲ್ಲಿ ಸವಿಸ್ತಾರವಾಗಿ ನಿರೂಪಿಸಿದವನು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರೋಮ್. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್, ಮೂಳೆಗಳು ಶಿಥಿಲವಾಗಿದ್ದ ಟ್ರಾಮ್ ನೌಕರನೊಬ್ಬನ ಕೊರಳಿನಿಂದ ಇದರ ಗಂಟನ್ನು ತೆಗೆದು ರೋಗಕ್ಕೂ ಗ್ರಂಥಿಗೂ ಇರುವ ಸಂಬಂಧವನ್ನು ಸ್ಥಾಪಿಸಿದನು. ಅಮೆರಿಕದ ನಾವಿಕ ಚಾರ್ಲ್ಸ್ ಮಾರ್ಟೆಲನಿಗಾದರೋ ಆರು ಶಸ್ತ್ರಕ್ರಿಯೆಗಳು ವ್ಯರ್ಥವಾಗಿ, 1932ರ ಏಳನೆಯದರಲ್ಲಿ ಗಂಟು ಎದೆಗೂಡಿನೊಳಗೆ ದೊರೆಯಿತು. ರೋಗ ನಿಶ್ಚಿತವಾಗಿದ್ದೂ ಅದರ ನೆಲೆ ಅಗೋಚರವಾಗಿರಬಹುದೆಂಬ ಸತ್ಯ ಅಂದೇ ಪ್ರಕಟವಾಗಿತ್ತು.

1963ರಲ್ಲಿ ವಿಜ್ಞಾನಿಗಳಾದ ಬರ್ಸನ್, ಯಾಲೋ ಮೊದಲಾದವರು ಪ್ಯಾರಾಥೈರಾಯಿಡ್ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಪ್ರಕಟಿಸಿದಂದಿನಿಂದ ನಿರ್ಣಯದ ಆಧಾರವು ರಕ್ತಪರೀಕ್ಷೆಯಲ್ಲಿ ನೆಲೆಗೊಂಡಿತು. ಕ್ಯಾಲ್ಸಿಯಂ ಏರಿದಾಗ ಈ ಹಾರ್ಮೋನು ಇಳಿಯಬೇಕಾದುದು ಪ್ರಕೃತಿಧರ್ಮ. ಅದು ಇಳಿಯದೆ ‘ನಾರ್ಮಲ್’ ಎಂಬ ಮಿತಿಯೊಳಗೇ ನಿಂತಿದ್ದರೂ ಅಸಹಜವೆಂದೇ ಗ್ರಹಿಸಬೇಕು. ಸೂರ್ಯನ ಬಿಸಿಲು ಕಾಣದೆ ದುಡಿಯುವವರಲ್ಲಿ ವಿಟಮಿನ್ ಡಿ ಕೊರತೆ ತಾನೇ ಹಾರ್ಮೋನನ್ನು ಏರಿಸುವುದಲ್ಲದೆ, ನಿಜವಾದ ರೋಗವಿದ್ದಲ್ಲಿ ಕ್ಯಾಲ್ಸಿಯಂ ಏರಿಕೆಯನ್ನು ಮರೆಸಲೂಬಹುದು. ಲಿಥಿಯಂ, ಥಯಜೈಡ್ ಔಷಧಗಳೂ ರಕ್ತಪರೀಕ್ಷೆಯ ಫಲಿತಾಂಶವನ್ನು ಕದಡುತ್ತವೆ. ಆನುವಂಶಿಕವಾದ, ಶಸ್ತ್ರಕ್ರಿಯೆ ಬೇಡದ ಕ್ಯಾಲ್ಸಿಯಂ ಆಧಿಕ್ಯವನ್ನು ಬೇರ್ಪಡಿಸಲು 24 ಗಂಟೆಯ ಮೂತ್ರಪರೀಕ್ಷೆ ಅವಶ್ಯಕ.

ಕೊರಳಿನ ಅಲ್ಟ್ರಾಸೌಂಡಿಗೆ 1990ರ ದಶಕದಲ್ಲಿ ಸೆಸ್ಟಾಮಿಬಿ ಸ್ಕ್ಯಾನ್ ಜೊತೆಗೂಡಿತು; ಆಮೇಲೆ 4ಡಿ ಸಿಟಿ, ಕೋಲೀನ್ ಪೆಟ್-ಸಿಟಿಗಳು ಬಂದವು. ಸೆಸ್ಟಾಮಿಬಿಯು ಮೈಟೊಕಾಂಡ್ರಿಯ ಹೇರಳವಾಗಿರುವ ಕೋಶಗಳಲ್ಲಿ ನೆಲೆನಿಲ್ಲತಕ್ಕ ದ್ರವ್ಯ. ಗಂಟು ಕಿರಿದಾಗಿದ್ದರೆ, ಅಂತಹ ಕೋಶಗಳು ವಿರಳವಾಗಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಬೆಳೆದಿದ್ದರೆ ಆ ಸ್ಕ್ಯಾನಿನಲ್ಲಿ ಏನೂ ತೋರದೆ ಹೋಗಬಹುದು. ಥೈರಾಯಿಡಿನ ಗಂಟು ದಾರಿ ತಪ್ಪಿಸಲೂಬಹುದು. ಸ್ಕ್ಯಾನು ಶಸ್ತ್ರವೈದ್ಯನಿಗೆ ನೆಲೆ ತೋರುವ ಸಾಧನವೇ ಹೊರತು ರೋಗದ ಇರವನ್ನು ತೀರ್ಮಾನಿಸುವ ಪ್ರಮಾಣವಲ್ಲ.

ಆದುದರಿಂದ ಇಎಸ್‌ಐ ಆಸ್ಪತ್ರೆಯನ್ನು ಆಶ್ರಯಿಸಿದ ಕಾರ್ಮಿಕನಾಗಲಿ, ಕಂಪನಿಯ ವಿಮೆಯನ್ನು ನಂಬಿದ ಉದ್ಯೋಗಿಯಾಗಲಿ, ಸ್ಕ್ಯಾನಿನ ಮೇಲೆ ಸ್ಕ್ಯಾನು ಮಾಡಿಸುವ ಮೊದಲು ಒಂದೇ ದಿನ ತೆಗೆದ ರಕ್ತದಲ್ಲಿ ಕ್ಯಾಲ್ಸಿಯಂ, ಆಲ್ಬುಮಿನ್, ಪ್ಯಾರಾಥೈರಾಯಿಡ್ ಹಾರ್ಮೋನ್, ವಿಟಮಿನ್ ಡಿ, ಕ್ರಿಯಾಟಿನಿನ್‌ಗಳನ್ನು ಪರೀಕ್ಷಿಸಿ, ತಿಂಗಳುಗಳ ವರದಿಗಳನ್ನು ಕ್ರಮವಾಗಿ ಜೋಡಿಸಿ, ಎಂಡೊಕ್ರೈನ್ ತಜ್ಞರ ಮುಂದಿಡುವುದು ಮೇಲು. ಅನುಭವಿ ಶಸ್ತ್ರವೈದ್ಯರನ್ನು ಹುಡುಕುವುದೇ ನಿಜವಾದ ನೆಲೆ-ಶೋಧನೆ ಎಂಬರ್ಥದ ಮಾತನ್ನು ಆಡಿದವರು ಸ್ವತಃ ಎಕ್ಸ್‌-ರೇ ತಜ್ಞರಾಗಿದ್ದ ಜಾನ್ ಡಾಪ್ಮನ್. ಅಂತಹ ಶಸ್ತ್ರವೈದ್ಯರ ಕೈಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣ ಹೊಂದುವ ಈ ರೋಗದಲ್ಲಿ, ಬರಿದಾದ ಒಂದು ಚಿತ್ರವನ್ನು ಕಂಡು ಚಿಕಿತ್ಸೆಯ ಆಸೆಯನ್ನು ಬಿಡುವುದಕ್ಕೆ ಕಾರಣವೇ ಇಲ್ಲ.