ಒಂದು ಓಟು, ಒಬ್ಬ ಡ್ರೈವರ್



"ನನ್ನೊಬ್ಬನ ಓಟಿನಿಂದ ಏನಾಗ್ತದ್ರೀ?" ಅಂತ ನಮ್ಮ ಸಾಣಾಪುರದಾಗ ಕೇಳೋರಿಗೆ ಮಾಜಿ ಸಂಸದ ಆರ್. ಧ್ರುವನಾರಾಯಣ ಅವರ ಚರಿತ್ರೆ ಹೇಳಬೇಕು.

2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಅವರಿಗೆ ಬಿದ್ದದ್ದು 40,752 ಮತ, ಎದುರಾಳಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟು! ಹಾಗೆ ಶಾಸಕರಾದವರು 2008ರಲ್ಲಿ ಕೊಳ್ಳೇಗಾಲ ಗೆದ್ದರು, 2009 ಮತ್ತು 2014ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದರು. 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

2004ರಲ್ಲಿ ಸೋತ ಅಭ್ಯರ್ಥಿಯ ಡ್ರೈವರ್‌ಗೆ ಕೆಲಸದ ನಡುವೆ ಓಟು ಹಾಕೋಕೆ ಪುರುಸೊತ್ತೇ ಸಿಗಲಿಲ್ಲ ಅಂತ ಸುದ್ದಿಯಾಗಿತ್ತು. ಜನ ಅದನ್ನ ಹೇಳಿ ನಗ್ತಾರ. ನನಗ ನಗು ಬರೂದಿಲ್ಲ. ದುಡಿಯೋರ ಓಟೇ ಮೊದಲು ತಪ್ಪೋದು. ನೆಲ್ಲು ಹಚ್ಚೋ ಕೂಲಿ, ರೆಸಾರ್ಟ್ ಕೆಲಸ, ಬೆಂಗಳೂರಿನ ಗಾರೆ ಕೆಲಸ, ಇವುಗಳ ನಡುವೆ ನಮ್ಮೋರ ಓಟೂ ಹಿಂಗ ಹೋಗ್ತದ.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಓದಿಕೊಳ್ಳಿ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. ಪಗಾರ ಹಿಡಿಯಂಗಿಲ್ಲ. ಧಣಿ ಮುಂದ ಕೈಮುಗಿದು ಬೇಡಬ್ಯಾಡ್ರಿ, ಹಕ್ಕು ಅಂತ ಕೇಳ್ರಿ.